ತೌಡು

ನನ್ನ ಕೆಲಸ ಮಸಿ ಬಳಿಯುವುದು.
ಓದು ಬಾರದು, ಅದು ಬೇಕಾಗಿಯೂ ಇಲ್ಲ.
ಶ್ರೀತಾಳೆಯ ಬಿಚ್ಚದ ಸುಳಿಯನ್ನು ಅಪ್ಪ ಇಳಿಸುತ್ತಾನೆ.
ನಾನು ಕಡ್ಡಿ ಸೀಳಿ, ಹದವಾಗಿ ಬೇಯಿಸಿ,
ಮೂರು ಹಗಲು ಬಿಸಿಲಿಗೆ, ಮೂರು ರಾತ್ರಿ ಇಬ್ಬನಿಗೆ ಹಾಸುತ್ತೇನೆ.
ಬಂಡೆಯ ಗುಹೆಗೆ ಗರಿಗಳು ಹೋಗುವಾಗ ಖಾಲಿ,
ಬರುವಾಗಲೂ ಖಾಲಿಯಂತೆಯೇ ಕಾಣುತ್ತವೆ.
ಕಬ್ಬಿಣದ ಕಂಠ ಗೀರಿದ ಗಾಯಕ್ಕೆ ಬಣ್ಣವಿಲ್ಲ.
ರಾಳದ ಎಣ್ಣೆಯಲ್ಲಿ ಕಾಡಿಗೆ ಕಲಸಿ ನಾನು ಬಳಿಯಬೇಕು,
ಗರಿಯೆಲ್ಲ ಕಪ್ಪಾಗಬೇಕು,
ಆಮೇಲೆ ತೌಡು ಎರಚಿ ಉಜ್ಜಬೇಕು.
ಮೇಲಿನ ಮಸಿಯನ್ನು ತೌಡು ತಿನ್ನುತ್ತದೆ,
ಒಳಗಿಳಿದದ್ದು ಉಳಿಯುತ್ತದೆ.

ಗುಹೆಯೊಳಗೆ ಒಬ್ಬರು ಹೇಳುತ್ತಾರೆ, ಒಬ್ಬರು ಗೀರುತ್ತಾರೆ,
ಮೂರನೆಯವರು ಕಣ್ಣು ಮುಚ್ಚಿ ಕೇಳುತ್ತಾರೆ.
ಗಂಗೆಯ ಬಯಲಿನ ಯಾವುದೋ ಮರದ ಕೆಳಗೆ
ಒಬ್ಬ ಮನುಷ್ಯ ಮೆಲ್ಲಗೆ ಆಡಿದ್ದು,
ನಾನೂರು ವರುಷ ಬಾಯಿಂದ ಬಾಯಿಗೆ ನಡೆದದ್ದು,
ಕಡಲು ದಾಟಿ ಲಂಕೆಯ ಈ ಬೆಟ್ಟ ಹತ್ತಿದ್ದು,
ಇಂದು ಕಂಠದಿಂದ ಕಂಠಕ್ಕೇ ಇಳಿಯುತ್ತಿದೆ.
ಕಬ್ಬಿಣದ ಕಂಠಕ್ಕೆ ಹಸಿವಾಗುವುದಿಲ್ಲ,
ಅದಕ್ಕೇ ಈ ಅವಸರ.

ಕ್ಷಾಮದ ವರುಷಗಳಲ್ಲಿ ಕೂರಲು ತ್ರಾಣವಿಲ್ಲದೆ
ಮರಳು ಗುಡ್ಡೆ ಮಾಡಿ, ಅದರ ಮೇಲೆ ತಲೆಯಿಟ್ಟು ಮಲಗಿ,
ಭಿಕ್ಷುಗಳು ಆಕಾಶಕ್ಕೆ ಪಾಠ ಒಪ್ಪಿಸುತ್ತಿದ್ದರು.
ತಾವರೆ ದಂಟು ಒಂದಿಷ್ಟು ಜಗಿದು, ಮುಂದಿನ ಸಾಲು.
ಒಬ್ಬರ ಸದ್ದು ನಿಂತರೆ ಪಕ್ಕದವರು ಎತ್ತಿಕೊಳ್ಳುತ್ತಿದ್ದರು.
ಕೆಲವೊಮ್ಮೆ ಪಕ್ಕದವರಿಗೆ ಆ ಭಾಗ ಬರುತ್ತಿರಲಿಲ್ಲ.

ಪುಸದೇವ ಥೇರರಿಗೆ ಒಂದು ಭಾಗ ಬರುತ್ತದೆ,
ಈಗ ಇಡೀ ದ್ವೀಪದಲ್ಲಿ ಅವರೊಬ್ಬರಿಗೇ.
ಅವರ ಪಕ್ಕ ಯಾರೂ ಕೂರುವುದಿಲ್ಲ.
ಅವರು ಹೇಳುವಾಗ ಬರೆಯುವವರು ತಲೆಯೆತ್ತುವುದಿಲ್ಲ.
ರಾತ್ರಿ ಉಂಡವರು ಅವರು.
ನಡುಹಗಲು ಕಳೆದ ಮೇಲೆ ತುತ್ತು ಮುಟ್ಟದ ನೇಮದವರು
ತಮ್ಮ ಸಾಲುಗಳ ಸಮೇತ ಮಣ್ಣಾದರು.
ಇವರು ಮುರಿದರು.

ನಮ್ಮ ಗುಡಿಸಲಿಗೇ ಬರುತ್ತಿದ್ದರು,
ಕತ್ತಲಾದ ಮೇಲೆ ಬಾಗಿಲಲ್ಲಿ ಒಂದು ಕೆಮ್ಮು.
ಕಾಡುಗೆಣಸಿನ ಗಂಜಿಯಲ್ಲಿ ಅಮ್ಮ
ನಾಲ್ಕು ಪಾಲನ್ನು ಐದು ಮಾಡುತ್ತಿದ್ದಳು.
ಐದನೆಯದು ಎಲ್ಲಿಂದ ಹುಟ್ಟುತ್ತದೆಂದು
ನಾನೂ ನೋಡುತ್ತಿದ್ದೆ, ಉತಿಯನೂ ನೋಡುತ್ತಿದ್ದ.
ಉತಿಯ ನನ್ನ ತಮ್ಮ. ಹಲ್ಲು ಬಂದಿತ್ತು, ಮಾತು ಬಂದಿರಲಿಲ್ಲ.

ಥೇರರು ಸುಮ್ಮನೆ ಉಂಡು ಹೋದವರಲ್ಲ.
ದುಃಖವಿದೆ, ಅದಕ್ಕೆ ಬೇರಿದೆ, ಬೇರೆಂದರೆ ಆಸೆ,
ಕಿತ್ತರೆ ಬರುತ್ತದೆ, ಕೀಳುವ ದಾರಿಯೂ ಇದೆ ಎಂದು
ಒಲೆಯ ಬೂದಿಯ ಮುಂದೆ ಕೂತು ಹೇಳುತ್ತಿದ್ದರು.
ಒಂದು ರಾತ್ರಿ ಅಮ್ಮ ಕೇಳಿದಳು:
"ಭಂತೆ, ಹಸಿವೂ ಆಸೆಯಾ?"
ಅವರ ಬಾಯಲ್ಲಿ ಇನ್ನೂ ಗೆಣಸಿತ್ತು.
ನುಂಗಲಿಲ್ಲ, ಉಗುಳಲಿಲ್ಲ,
ಬಹಳ ಹೊತ್ತು ಹಾಗೇ ಕೂತಿದ್ದರು.

ಉತಿಯ ಹೋದದ್ದು ಮಳೆಗೆ ಹದಿನೈದು ದಿನ ಮೊದಲು.
ಥೇರರು ಆಮೇಲೆ ಬರಲಿಲ್ಲ.
ಅಮ್ಮ ಮಾತ್ರ ಎಷ್ಟೋ ರಾತ್ರಿ ಒಂದು ಪಾಲು ಎತ್ತಿಡುತ್ತಿದ್ದಳು.
ಅದು ಯಾರದೆಂದು ನಾವು ಕೇಳಲಿಲ್ಲ.

ಇಂದು ಅವರ ಭಾಗದ ಗರಿಗಳು ನನ್ನ ಕೈಗೆ ಬಂದಿವೆ.
ಎಪ್ಪತ್ತೆರಡು. ಎಣಿಸಲು ಬರುತ್ತದೆ ನನಗೆ.
ಗುಹೆಯ ಮಾತೆಲ್ಲ ತೌಡು ಕುಟ್ಟಿದ ಹಾಗೆ ಎಂದು
ನಗುವವರು ಇದ್ದಾರೆ ಊರಲ್ಲಿ.
ಅವರಿಗೆ ತೌಡು ಗೊತ್ತಿಲ್ಲ.
ಆ ವರುಷ ಒಂದು ಹಿಡಿ ತೌಡಿಗೆ ಅಮ್ಮ ಬಳೆ ಕೊಟ್ಟಿದ್ದಳು.
ಈಗ ಅಕ್ಷರ ಉಜ್ಜಲೆಂದು ಬುಟ್ಟಿ ತುಂಬ ಕೊಟ್ಟಿದ್ದಾರೆ.
ಮೊದಲ ಹಿಡಿ ಎತ್ತಿದಾಗ
ಕೈ ಗರಿಗೆ ಹೋಗಲಿಲ್ಲ, ಬಾಯಿಗೆ ಹೋಯಿತು.

ಸಂಜೆ ಪುಸದೇವ ಥೇರರು ಹೊರಗೆ ಬಂದರು.
ಎಲ್ಲ ಹೇಳಿ ಮುಗಿದಿತ್ತು;
ಹಕ್ಕಿ ಎದ್ದುಹೋದ ಕೊಂಬೆಯ ಹಾಗೆ ತುಟಿ ಅದುರುತ್ತಿತ್ತು.
ನನ್ನ ಗುರುತು ಸಿಕ್ಕಿತೋ ಇಲ್ಲವೋ.
ನಾನೇ ಒಂದು ಗರಿ ಚಾಚಿ ಕೇಳಿದೆ:
"ಹಸಿವಿನ ಮಾತು ಇದರಲ್ಲಿ ಎಲ್ಲಿದೆ, ತೋರಿಸಿ."
ಅವರಿಗೂ ಓದು ಬಾರದು.
ಗರಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು,
ಮೂಸಿದರು.
"ತೌಡಿನ ವಾಸನೆ" ಎಂದರು.
ಬೆರಳಿಗಂಟಿದ ಮಸಿಯನ್ನು ಒರೆಸಿಕೊಳ್ಳದೆ
ಕಾಡಿನ ದಾರಿ ಹಿಡಿದರು.

ಇನ್ನೂ ನಲವತ್ತು ಗರಿ ಬಾಕಿ.
ಬೆಳಕು ಹೋಗುತ್ತಿದೆ, ಅಮ್ಮ ದೀಪ ತರುತ್ತಿದ್ದಾಳೆ.