ನಾಲ್ಕು ದಿನದ ಮಟ್ಟಿಗೆ

ಮುನಿರತ್ನಮ್ಮನವರೇ,
ಮನೆ ಕೊಡುವಾಗ ನಾಯಿ ಬೇಡ ಅಂದಿರಿ, ಬೆಕ್ಕು ಬೇಡ ಅಂದಿರಿ,
ಗೋಡೆಗೆ ಮೊಳೆ ಹೊಡೀಬೇಡಿ ಅಂದಿರಿ.
ಹಲ್ಲಿಯ ಮಾತು ಬರಲಿಲ್ಲ.
ಹನ್ನೊಂದು ತಿಂಗಳ ಕರಾರಿನ ಆ ಸಂದಿಯಲ್ಲೇ
ಇವಳು ಒಳಗೆ ಬಂದದ್ದು.

ನಾಳೆಯಿಂದ ಪಾವಗಡದಲ್ಲಿ ಕಣ್ಣಿನ ಶಿಬಿರ.
ಚಿಕ್ಕಪೇಟೆಯ ಅಂಗಡಿಯಿಂದ ನಾನೇ ಹೋಗಬೇಕು,
ಮುದುಕರ ನಂಬರು ನೋಡಲು, ಲೆನ್ಸು ಉಜ್ಜಲು.
ಏಪ್ರಿಲ್‌ನಲ್ಲಿ ನನ್ನ ಶೀಟಿನ ಮನೆ ಕಾದ ಕಾವಲಿ,
ಮೂವತ್ತು ಡಿಗ್ರಿ ದಾಟಿದರೆ ಇವಳು ತಡೆಯಲಾರಳು.
ಇಪ್ಪತ್ತೈದು ಸಾಕು.
ಫ್ಯಾನಿಲ್ಲದೆ ಮಲಗುತ್ತಿದ್ದೆವು ಅನ್ನುತ್ತೀರಲ್ಲ,
ಆ ಶ್ರೀರಾಮಪುರವನ್ನೇ ಇವಳು ಕೇಳುವುದು.
ನಿಮ್ಮ ಕೆಂಪು ಗಾರೆಯ ನೆಲದಲ್ಲಿ
ಅದು ಇನ್ನೂ ಸ್ವಲ್ಪ ಉಳಿದಿದೆ.

ಹೆಸರು ಹುರಿಗಡಲೆ. ಬಣ್ಣ ನೋಡಿ ಇಟ್ಟದ್ದು.
ಪೆಟ್ಟಿಗೆ ಶಿವಾಜಿನಗರದ ಇಲಿಯಾಸ್ ಭಾಯಿಯ ಕೈಕೆಲಸ,
ಮೀನಿನ ತೊಟ್ಟಿ ಮಾಡುವವರು.
ಅಗಲ ಕಡಿಮೆ, ಎತ್ತರ ಜಾಸ್ತಿ, ಬಾಗಿಲು ಮುಂದೆ, ಮೇಲೆ ಜಾಲರಿ ಅಂದರೆ
‘ಇದರಲ್ಲಿ ನೀರು ನಿಲ್ಲೋದು ಹೇಗಮ್ಮ’ ಅಂತ ಮೂರು ಸಲ ಕೇಳಿದರು.
ನೆಲದ ಮೇಲೆ ಬಾಳುವ ಜಾತಿಯಲ್ಲ ಇದು, ಹತ್ತಬೇಕು:
ಮನಿಪ್ಲಾಂಟು, ಬಿದಿರು, ಒಂದು ತುಂಡು ತೊಗಟೆ.
ಅಡಿಗೆ ಬರೀ ಟಿಶ್ಯೂ ಕಾಗದ.
ಚೆಂದ ಕಾಣಲಿ ಅಂತ ಮರಳು ಹಾಕಬೇಡಿ,
ನುಂಗಿದರೆ ಹೊಟ್ಟೆ ಕಟ್ಟುತ್ತದೆ.

ಸಂಜೆ ದೀಪ ಹಚ್ಚಿದ ಮೇಲೆ
ಇಸ್ತ್ರಿ ಬಾಟಲಿಯಲ್ಲಿ ನೀರು ಚಿಮುಕಿಸಿ.
ಬೋರಿನ ನೀರು ಬೇಡ, ಗಾಜೆಲ್ಲ ಬಿಳಿ ಕಲೆ; ಕ್ಯಾನಿನದು.
ಬಟ್ಟಲಿನಲ್ಲಿ ಇಟ್ಟದ್ದನ್ನು ಮುಟ್ಟಳು,
ಎಲೆಯ ತುದಿಯ ಹನಿಯನ್ನೇ ನೆಕ್ಕುತ್ತಾಳೆ.
ಬೆಳಗಾಗುವಷ್ಟರಲ್ಲಿ ಒಣಗಿರಬೇಕು,
ಸದಾ ಒದ್ದೆಯಿದ್ದರೆ ಬೂಷ್ಟು.

ಊಟ: ಪೊಟ್ಟಣದ ಹಣ್ಣಿನ ಪುಡಿ,
ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ, ಬಾಟಲಿ ಮುಚ್ಚಳದಷ್ಟು.
ಮಿಕ್ಕದ್ದನ್ನು ಮರುದಿನ ಚೆಲ್ಲಿ.
ಜೀರುಂಡೆ ಡಬ್ಬಿಯನ್ನು ನಿಮಗೆ ಕೊಡುತ್ತಿಲ್ಲ,
ನಾಲ್ಕು ದಿನ ಮಾಂಸವಿಲ್ಲದೆ ನಡೆಯುತ್ತದೆ.

ಕಣ್ಣಿನ ಸುತ್ತ ರೆಪ್ಪೆಗೂದಲಿನಂತೆ ಮುಳ್ಳಿನ ಸಾಲು,
ಮುಚ್ಚಲು ಮಾತ್ರ ರೆಪ್ಪೆಯಿಲ್ಲ.
ನಿದ್ದೆಯಲ್ಲೂ ತೆರೆದೇ ಇರುತ್ತವೆ,
ದಿಟ್ಟಿಸುತ್ತಾಳೆ ಅಂತ ತಿಳಿಯಬೇಡಿ.
ಧೂಳು ಬಿದ್ದರೆ ನಾಲಿಗೆಯಿಂದ ಒರೆಸಿಕೊಳ್ಳುತ್ತಾಳೆ.
ಇಡೀ ದಿನ ಕನ್ನಡಕ ಒರೆಸಿ ಬಂದವಳಿಗೆ
ಅದನ್ನು ನೋಡುತ್ತ ಕೂರುವುದೇ ಒಂದು ವಿಶ್ರಾಂತಿ.

ಹಿಡಿಯಬೇಡಿ. ಹೆದರಿದರೆ ಬಾಲ ಕಳಚುತ್ತಾಳೆ.
ನಿಮ್ಮ ಟ್ಯೂಬ್‌ಲೈಟಿನ ಹಿಂದೆ ಲೊಚಗುಟ್ಟುತ್ತದಲ್ಲ,
ನೀವು ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತೀರಲ್ಲ, ಅದಕ್ಕೆ
ಹೋದ ಬಾಲ ಮತ್ತೆ ಬರುತ್ತದೆ.
ಇವಳಿಗೆ ಬರುವುದಿಲ್ಲ.
ಹೋದದ್ದು ಹೋಯಿತು; ಬಾಲವಿಲ್ಲದೆಯೂ
ಹದಿನೈದು ವರ್ಷ ಬಾಳುತ್ತಾಳೆ.
ಮಿಲ್ಲಿನಲ್ಲಿ ನಿಮ್ಮ ಬೆರಳು
(ಈ ಸಾಲನ್ನು ಹೊಡೆದುಹಾಕಿದ್ದೇನೆ, ಓದಬೇಡಿ.)

                    ನಿಮ್ಮ ಮೇಲಿನ ಮನೆಯ ಸುಗುಣ

*

ಹಿಂತಿರುಗಿದಾಗ, ಅದೇ ಕಾಗದದ ಬೆನ್ನಿಗೆ,
ಹಾಲಿನ ಲೆಕ್ಕ ಬರೆಯುವ ಅಕ್ಷರದಲ್ಲಿ:

ಮೊದಲ ರಾತ್ರಿ ಕಾಣಲೇ ಇಲ್ಲ. ಸತ್ತಿತೇನೋ ಅಂದುಕೊಂಡೆ.
ಎರಡನೆಯ ದಿನ ಕರೆಂಟು ಹೋಯಿತು,
ಒದ್ದೆ ಪಂಚೆ ಹೊದಿಸಿ ಬೀಸಣಿಗೆ ಹಿಡಿದೆ.
ಮೂರನೆಯ ರಾತ್ರಿ ಬಾಗಿಲು ತೆಗೆದೆ, ಊಟ ಇಡೋಕೆ.
ಹಿಡಿಯಲಿಲ್ಲ.
ತಾನಾಗೇ ಹಾರಿ ಬಲಗೈ ಮೇಲೆ ಕೂತಿತು,
ಬೆರಳು ಇಲ್ಲದ ಜಾಗದಲ್ಲಿ.
ತಣ್ಣಗಿತ್ತು.
ಪಂಚಾಂಗ ತೆಗೆದು ನೋಡಿದೆ.
ತಲೆ ಮೇಲೆ ಬಿದ್ದರೆ ಏನು, ಭುಜಕ್ಕೆ ಬಿದ್ದರೆ ಏನು, ಎಲ್ಲಾ ಇದೆ.
ಬಂದು ಕೂತರೆ ಏನಂತ ಬರೆದಿಲ್ಲ.
ಬಾಲ ಇದೆ. ನೋಡಿಕೊ.
ಸೆಖೆ ಇಳಿಯೋವರೆಗೂ ಇಲ್ಲೇ ಇರಲಿ.
ಬಾಡಿಗೆ ಐದನೇ ತಾರೀಖು, ಮರೀಬೇಡ.