ಚಿಪ್ಪು

ಕೆರೆಯೆಂದರು. ನೀರು ಹೋಗಿ
ಹದಿನೈದು ಸಾವಿರ ವರ್ಷ ದಾಟಿತಂತೆ.
ಆದರೂ ಮಂಗೊ ಕೆರೆ ಎಂದೇ ಹೆಸರು,
ಖಾತೆ ಇನ್ನೂ ಮುತ್ತಜ್ಜನ ಹೆಸರಲ್ಲೇ ಉಳಿದ ಹಾಗೆ.

ಮುಂದೆ ಆಂಟಿ ಬೆರಿಲ್, ಬಾರ್ಕಿಂಜಿಯವಳು,
ಬಣ್ಣಗೆಟ್ಟ ಟೋಪಿ, ಎಳೆದಿಡುವ ಬಲಗಾಲು;
ನೊಣ ಓಡಿಸುತ್ತಲೇ ಕೈ ತೋರಿದಳು:
"ಅಗೋ, ಒಲೆ."
ಒಂದು ಬೊಗಸೆ ಕಪ್ಪು ಮಣ್ಣು.
ಸುತ್ತ ಚಿಪ್ಪಿನ ಚೂರು, ಬಿಸಿಲಿಗೆ ಬೆಂದು ಬೆಳ್ಳಗೆ.

ಕೈ ನನ್ನ ಮಾತು ಕೇಳಲಿಲ್ಲ,
ಒಂದನ್ನು ಎತ್ತಿಕೊಂಡಿತು.
ಉಗುರಿನಷ್ಟು ತೆಳು. ಒಳಮೈಯಲ್ಲಿ
ಇನ್ನೂ ಎಲ್ಲೋ ನೀರಿನ ಹೊಳಪು.

ಆಕೆ ತಿರುಗಿಯೂ ನೋಡಲಿಲ್ಲ:
"ಉಂಡವರು ಇನ್ನೂ ಎದ್ದಿಲ್ಲ, ತಮ್ಮಾ."

ಪಂಕ್ತಿಯ ನಡುವೆ ಯಾರದೋ ಎಲೆ ಎಳೆದು
ಸಿಕ್ಕಿಬಿದ್ದವನಂತೆ ಬಗ್ಗಿದೆ.
ಇಡಬೇಕು, ಸರಿ.
ಎಲ್ಲಿಂದ ಎತ್ತಿದ್ದೆ?
ಹೆಬ್ಬೆರಳಗಲದ ಆ ಕುಳಿಗೆ
ಗಾಳಿ ಆಗಲೇ ಮರಳು ತುಂಬಿತ್ತು.
ಇಲ್ಲಿಯೋ, ಇಲ್ಲಿಯೋ,
ಮಂಡಿಯೂರಿ ಹುಡುಕಿದಷ್ಟೂ ನನ್ನದೇ ಮಂಡಿಯ ಗುರುತು.

ಉಳಿದವರೆಲ್ಲ ನೆರಳಿಗೆ ಹೊರಟರು.
ಆಂಟಿ ಬೆರಿಲ್ ಮಾತ್ರ
ಕಾಲು ನೀವಿಕೊಳ್ಳುತ್ತ ನಿಂತಳು.
"ನಿಧಾನ ಹುಡುಕು," ಎಂದಳು,
"ಬಸ್ಸಿನವನಿಗೆ ಹೇಳಿದ್ದೇನೆ."