ಉಪ್ಪುಕಾಗದ

ಮತ್ತಿಗಿರಿ ರಸ್ತೆಯ ಶೆಡ್ಡಿನಲ್ಲಿ
ನಿನ್ನೆಯಿಂದ ಉಜ್ಜುತ್ತಿದ್ದೇನೆ ಈ ಮೂತಿಯನ್ನು.
ಕೆಂಪು ಹೋಯಿತು, ಕೆಳಗೆ ಹಳದಿ.
ಹಳದಿಯಡಿ ಯಾವುದೋ ಬ್ಯಾಟರಿ ಕಂಪನಿಯ ಅರ್ಧ ಹೆಸರು.
ಅದರಡಿ ಹಸಿರು.
ಈ ಹಸಿರು ನನಗೆ ಗೊತ್ತು:
ಚೌರಪ್ಪ ಮಾವ ಚರ್ಚಿನ ಕಿಟಕಿಗೆ ಬಳಿದು
ಗುರುಸ್ವಾಮಿಗೆ ಹೇಳದೆ ಉಳಿಸಿಕೊಂಡ ಅರ್ಧ ಡಬ್ಬ.

ನಾಲ್ಕು ಚಕ್ರ ಹೊರಗೆ, ಒಬ್ಬ ಒಳಗೆ.
‘ಗಾಡಿ ಅಂದ್ರೆ ಇಷ್ಟೇ ಕಣಮ್ಮ’ ಅನ್ನುತ್ತಿದ್ದ,
‘ಬಾಗಿಲು, ಗಾಜು, ಮಡ್‌ಗಾರ್ಡು
ಎಲ್ಲಾ ಮಾನ ಮುಚ್ಕೊಳ್ಳೋಕೆ.’

ಬೀಡಿ ಆರುವವರೆಗೂ ಕತೆ.
ಮದ್ರಾಸಿನಾಚೆ ಶೋಳಾವರಂನಲ್ಲಿ
ಯುದ್ಧದ ವಿಮಾನಗಳು ಬಿಟ್ಟುಹೋದ ಓಡುದಾರಿ,
ತಿರುವಿಗೆ ಟಾರು ಡ್ರಮ್ಮು, ಹುಲ್ಲಿನ ಪಿಂಡಿ;
ಟ್ಯಾಕ್ಸಿಯಾಗಿ ಸತ್ತ ಫಿಯೆಟ್ಟಿನ ಎಂಜಿನ್ನು
ಕೊಳಾಯಿ ಪೈಪಿನ ಗೂಡಿನೊಳಗೆ ಎರಡನೇ ಸಲ ಹುಟ್ಟಿದ್ದು.
ಜರ್ಮನಿಯ ಜೀರುಂಡೆ ಕಾರಿನ ಮುಂಗಾಲು ಕಿತ್ತು
ಅಮೆರಿಕದಲ್ಲಿ ಯಾರೋ ಹೀಗೇ ಮಾಡಿದರಂತೆ;
ಇಂಗ್ಲೆಂಡಿನಲ್ಲಿ ರೇಸು ಕಲಿಸುವ ಶಾಲೆಯವರು
ರೇಸಿನ ಟೈರಿಗೆ ದುಡ್ಡು ಸಾಲದೆ
ರಸ್ತೆಯ ಟೈರನ್ನೇ ತೊಡಿಸಿದರಂತೆ.
‘ನೋಡು, ಬಡತನಕ್ಕೆ ಎಲ್ಲಾ ಕಡೆ ಒಂದೇ ಸ್ಪ್ಯಾನರು.’

ಆಮೇಲೆ ಬಂತು ಮಾರುತಿಯ ಎಂಟುನೂರು.
ಡಾಕ್ಟರು ಸಂಸಾರ ಸಮೇತ ತಿರುಪತಿಗೆ ಹೋಗುವ ಎಂಜಿನ್ನನ್ನೇ
ಬೆನ್ನ ಹಿಂದೆ ಕಟ್ಟಿಕೊಂಡು ಹೊರಟವು ಒಂಟಿಸೀಟುಗಳು.
ಎಲ್ಲರಿಗೂ ಅದೇ ಎಂಜಿನ್ನು, ಅದೇ ಟೈರು,
ತಲೆಯ ಮೇಲೆ ಸೀಸದ ಮುದ್ರೆ.
ಮಿಕ್ಕಿದ್ದು ಪಾದಕ್ಕೆ ಬಿಟ್ಟದ್ದು.

ನಮ್ಮ ಪಾದ ಗೌಸ್ ಪೀರ್.
ಬಾಗಲೂರಿನ ಗುಲಾಬಿ ಹೊತ್ತ ಟೆಂಪೋವನ್ನು
ನಡುರಾತ್ರಿ ಅತ್ತಿಬೆಲೆ ದಾಟಿಸುತ್ತಿದ್ದವನು;
ಎಸಳು ನಲುಗಿದರೆ ಬಾಡಿಗೆ ಮುರಿಯುತ್ತಿದ್ದರಂತೆ,
ಬ್ರೇಕು ಕಲಿತದ್ದು ಹಾಗೆ.
ಸೀಟಿಗೆ ಫೋಮು ಸುರಿಯುವ ದಿನ ಅವನು ಲೋಡಿಗೆ ಹೋಗಿದ್ದ.
ಕಲಸಿದ ಫೋಮು ಕಾಯುವುದಿಲ್ಲ.
‘ನೀನೂ ಅವನಷ್ಟೇ ಇದ್ದೀಯ, ಕೂತ್ಕೋ.’
ಹದಿಮೂರು ವರ್ಷದ ನಾನು ಕಸದ ಚೀಲದ ಮೇಲೆ,
ಕೆಳಗಿನಿಂದ ಇಡ್ಲಿಯಂತೆ ಉಬ್ಬುತ್ತ ಬಂದ ಬಿಸಿ
ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಎಣಿಸಿಕೊಂಡಿತು.
‘ನಿನ್ನ ಬೆನ್ನಲ್ಲಿ ಕೂತು ಓಡಿಸ್ತಿದೀನಿ’ ಅಂತ ಗೌಸ್
ಆಮೇಲೆ ಎರಡು ವರ್ಷ ಬೈದ.

ಆರನೆಯವನಾಗಿ ಬಂದ. ಒಮ್ಮೆ ನಾಲ್ಕನೆಯವನಾಗಿ.
ಮೂರನೆಯ ವರ್ಷ ಯಾರದೋ ಲಾರಿಯಿಂದ
ಒಂದೇ ರೇಸಿಗೆ ಮೂರು ಜೊತೆ ಟೈರು ಇಳಿದವು.
ಮುದ್ರೆ ಒಡೆಯದೆ ಎಂಜಿನ್ನಿನೊಳಗೆ ದುಡ್ಡು ಹೋಗುವ ದಾರಿ
ಇನ್ಯಾರಿಗೋ ಸಿಕ್ಕಿತು.
ಅದಕ್ಕಿಂತ ಅಗ್ಗದ್ದೆಂದು ಇನ್ನೊಂದು ವರ್ಗ ಹುಟ್ಟಿತು,
ಅದೂ ದಪ್ಪಗಾಯಿತು, ಮತ್ತೊಂದು.
ಮಾವ ನಗುತ್ತಿದ್ದ: ‘ಇದು ಹೊಸೂರಿನ ಸೈಟಿದ್ದಂಗೆ.
ಅಗ್ಗ ಅಂತ ಊರಿಗೆಲ್ಲ ಗೊತ್ತಾದ ದಿನಾನೇ
ಅಗ್ಗ ಮುಗೀತು.’

ಎಂಜಿನ್ನು ಗೌಸ್‌ನ ಓಮ್ನಿಗೆ ಹೋಯಿತು,
ಮುದ್ರೆಯ ತಂತಿ ನೇತಾಡಿಸಿಕೊಂಡೇ
ಹನ್ನೊಂದು ವರ್ಷ ಗುಲಾಬಿ ಹೊತ್ತಿತು.

ಈಗ ಹೆದ್ದಾರಿಯ ಕಾಫಿ ಹೋಟೆಲಿನವನಿಗೆ ಮೂತಿ ಮಾತ್ರ ಬೇಕು,
ಗೋಡೆಗೆ ತಗುಲಿಸಲು. ‘ಫೆರಾರಿ ಕೆಂಪು ಹೊಡೀರಿ ಮೇಡಂ.’
ಮುಂಗಡ ಕೊಟ್ಟಿದ್ದಾನೆ. ಅದಕ್ಕೇ ಉಜ್ಜುತ್ತಿರುವುದು.

ಮಧ್ಯಾಹ್ನ ಸೀಟಿನಲ್ಲಿ ಕೂರಲು ನೋಡಿದೆ.
ಎರಡು ಹೆರಿಗೆಯ ಸೊಂಟ; ಹದಿಮೂರರ ನಾನು
ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.
ಊಟದ ಡಬ್ಬಿ ತಂದ ಪಕ್ಕದ ಮನೆಯ ಜೆಸಿಂತಾ
ಕೇಳದೆಯೇ ಹತ್ತಿ, ಜಾರಿ ಕೂತಳು, ಸರಿಯಾಗಿ,
ಕಾಲು ಪೆಡಲಿಗೆ ಎಟುಕಿಸಿ, ಆಚೀಚೆ ತಡಕಿ
‘ಅಕ್ಕಾ, ಬಾಗಿಲು?’ ಅಂದಳು.

ಹಸಿರಿಗೆ ಬಂದು ನಿಂತಿದೆ ಕೈ.
ಇನ್ನೊಂದು ಹಾಳೆ ಉಪ್ಪುಕಾಗದ ಉಳಿದಿದೆ.